ಕೆಂಪು ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕೇಸರಿ ಹಾಲು: ಮೂರೂ ಒಟ್ಟಿಗೆ ಆಗುತ್ತಾ?

ಮಲ್ನಾಡ್_ಸೊಸೆ

ಎಲ್ಲರಿಗೂ ನಮಸ್ಕಾರ. ನನಗೆ ಈಗ ಐದನೇ ತಿಂಗಳು. ಮೊನ್ನೆ ಚೆಕಪ್‌ನಲ್ಲಿ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 10.4 ಬಂತು. ಡಾಕ್ಟರು ಕೆಂಪು ಐರನ್ ಮಾತ್ರೆ ದಿನಕ್ಕೆ ಎರಡು, ಕ್ಯಾಲ್ಸಿಯಂ ದಿನಕ್ಕೆ ಎರಡು ಬರೆದಿದ್ದಾರೆ. ಯಾವುದನ್ನು ಯಾವಾಗ ಅಂತ ಚೀಟಿಯಲ್ಲಿ ಇಲ್ಲ. ನಮ್ಮ ಅತ್ತೆ ರಾತ್ರಿ ಊಟ ಆದ ಮೇಲೆ ದೊಡ್ಡ ಲೋಟದಲ್ಲಿ ಕೇಸರಿ ಹಾಲು ತಂದು, "ಎಲ್ಲಾ ಮಾತ್ರೆ ಇದರಲ್ಲೇ ನುಂಗಿಬಿಡಮ್ಮ, ಆಮೇಲೆ ಮರೆತುಹೋಗುತ್ತೆ" ಅಂತಾರೆ. ಆಶಾ ಅಕ್ಕ ಬಂದಾಗ "ಎರಡನ್ನೂ ಬೇರೆ ಬೇರೆ ತಗೋ" ಅಂದರು. ಯಾಕೆ ಅಂತ ಕೇಳುವಷ್ಟರಲ್ಲಿ ಪಕ್ಕದ ಮನೆಗೆ ಹೋಗಿಯಾಗಿತ್ತು.

ನಿಜವಾಗ್ಲೂ ಅಷ್ಟು ವ್ಯತ್ಯಾಸ ಆಗುತ್ತಾ? ಆಗುತ್ತೆ ಅಂದ್ರೆ ಊಟಕ್ಕೆ ಮೊಸರೂ ಬಿಡಬೇಕಾ? ಅತ್ತೆಗೆ ಬೇಜಾರಾಗದ ಹಾಗೆ ಹೇಳುವುದಕ್ಕೂ ಒಂದು ಕಾರಣ ಬೇಕು.

ಅನುಮಾನಪ್ಪ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಜ್ಜಿ ದಿನಾ ಎರಡು ಹೊತ್ತು ಮೊಸರನ್ನ ಉಂಡು ಏಳು ಮಕ್ಕಳನ್ನು ಹೆತ್ತವರು. ಈಗಿನವರು ಇದರ ಜತೆ ಅದು ತಿನ್ನಬೇಡಿ, ಅದರ ಜತೆ ಇದು ತಿನ್ನಬೇಡಿ ಅಂತ ಊಟವನ್ನೇ ಟೈಮ್‌ಟೇಬಲ್ ಮಾಡಿಬಿಟ್ಟಿದ್ದಾರೆ.

ಸೊಪ್ಪುಸಾರು

ಅನುಮಾನಪ್ಪನವರೇ, ಅಜ್ಜಿಯ ಎಚ್‌ಬಿ ಯಾರೂ ನೋಡಿರಲಿಲ್ಲ ಅಲ್ವಾ? ನಾನು ಡಯಟೀಶಿಯನ್. ದಿನಕ್ಕೊಮ್ಮೆಯಾದರೂ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆಶಾ ಅಕ್ಕ ಹೇಳಿದ್ದು ಸರಿ. ಕ್ಯಾಲ್ಸಿಯಂ ಜತೆಯಲ್ಲಿದ್ದರೆ ಕರುಳು ಕಬ್ಬಿಣವನ್ನು ಕಡಿಮೆ ಹೀರುತ್ತದೆ. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಲೀಫ್ ಹಾಲ್‌ಬರ್ಗ್ ಮತ್ತು ಜತೆಗಾರರು ಇದನ್ನು ಚೊಕ್ಕವಾಗಿ ಅಳೆದರು, 1991ರಲ್ಲಿ ಪ್ರಕಟವಾಯಿತು. ಗೋಧಿ ಬನ್ನುಗಳಲ್ಲಿ ಗುರುತು ಹಾಕಿದ ಕಬ್ಬಿಣ ಸೇರಿಸಿ ಜನರಿಗೆ ತಿನ್ನಿಸಿದರು. ಒಂದು ಸಲ ಕ್ಯಾಲ್ಸಿಯಂ ಇಲ್ಲದೆ, ಇನ್ನೊಂದು ಸಲ ಕ್ಯಾಲ್ಸಿಯಂ ಜತೆಗೆ. ಆಮೇಲೆ ಆ ಗುರುತಿನ ಕಬ್ಬಿಣ ಮೈಗೆ ಎಷ್ಟು ಸೇರಿತು ಅಂತ ನೋಡಿದರು. 165 ಮಿಲಿಗ್ರಾಂ ಕ್ಯಾಲ್ಸಿಯಂ ಸೇರಿದ್ದಕ್ಕೆ ಕಬ್ಬಿಣ ಹೀರುವುದು ಶೇ. 50ರಿಂದ 60ರಷ್ಟು ಬಿದ್ದುಹೋಯಿತು. ಅದು ಹಾಲಾಗಿರಲಿ, ಚೀಸ್ ಆಗಿರಲಿ, ಬರೀ ಕ್ಯಾಲ್ಸಿಯಂ ಉಪ್ಪಾಗಿರಲಿ, ಫಲಿತಾಂಶ ಹೆಚ್ಚುಕಮ್ಮಿ ಒಂದೇ. 40 ಮಿಲಿಗ್ರಾಂಗಿಂತ ಕಡಿಮೆ ಇದ್ದಾಗ ಏನೂ ಆಗಲಿಲ್ಲ. 300ರವರೆಗೆ ಏರುತ್ತಾ ಹೋಯಿತು, ಆಮೇಲೆ ಹೆಚ್ಚೇನೂ ಬದಲಾಗಲಿಲ್ಲ.

ಇದನ್ನು ನಿಮ್ಮ ಲೋಟಕ್ಕೆ ಹಾಕಿ ನೋಡಿ. 100 ಎಂಎಲ್ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ. ಅತ್ತೆ ಕೊಡುವ ದೊಡ್ಡ ಲೋಟ 250 ಎಂಎಲ್ ಅಂದುಕೊಂಡರೆ 300. ಅದರ ಮೇಲೆ ಮಾತ್ರೆಯದು 500. ಎರಡೂ ಒಟ್ಟಿಗೆ ನುಂಗಿದರೆ 1000. ಇದರ ನಡುವೆ ಕೆಂಪು ಮಾತ್ರೆ ಕೂತಿರುತ್ತದೆ. ಕೊಟ್ಟ ಮಾತ್ರೆಯಲ್ಲಿ ಅರ್ಧ ಚರಂಡಿಗೆ ಅಂದ್ರೂ ತಪ್ಪಿಲ್ಲ.

ಮೊಸರಿನ ವಿಷಯ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ, ಊಟದ ಹೊತ್ತಾಯಿತು.

ಸಬ್‌ಸೆಂಟರ್_ಸಿಸ್ಟರ್

ತಂಗಿ, ನಾವು ಹಳ್ಳಿಯಲ್ಲಿ ತಾಯಂದಿರಿಗೆ ಹೇಳುವುದನ್ನೇ ಹೇಳುತ್ತೇನೆ. ಸರ್ಕಾರದ ಸೂಚನೆಯಲ್ಲೂ ಹೀಗೇ ಇದೆ. ಕ್ಯಾಲ್ಸಿಯಂ ಊಟ-ತಿಂಡಿಯ ಜತೆ. ಖಾಲಿ ಹೊಟ್ಟೆಗೆ ಬೇಡ, ಉರಿ ಬರುತ್ತೆ. ಕಬ್ಬಿಣದ ಮಾತ್ರೆ ಊಟ ಆಗಿ ಎರಡು ಗಂಟೆ ಆದ ಮೇಲೆ. ಎರಡೂ ಯಾವತ್ತೂ ಒಟ್ಟಿಗೆ ಬೇಡ.

ಒಂದೊಂದು ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತೆ. ಎಚ್‌ಬಿ ಸರಿ ಇದ್ದವರಿಗೆ ದಿನಕ್ಕೆ ಒಂದು. 11ಕ್ಕಿಂತ ಕಡಿಮೆ ಇದ್ದರೆ ಎರಡು. ಅದಕ್ಕೇ ನಿಮಗೆ ಎರಡು ಕೊಟ್ಟಿರುವುದು. ಕ್ಯಾಲ್ಸಿಯಂ 14ನೇ ವಾರದಿಂದ ಶುರು, ಹೆರಿಗೆ ಆಗಿ ಆರು ತಿಂಗಳವರೆಗೆ.

ಕಷ್ಟ ಏನು ಅಂದ್ರೆ ನಾಲ್ಕು ಮಾತ್ರೆಗೆ ನಾಲ್ಕು ಹೊತ್ತು ಬೇಕು. ಎಷ್ಟೋ ಜನ ತಲೆ ಕೆಟ್ಟು ನಾಲ್ಕನ್ನೂ ಬಿಟ್ಟುಬಿಡ್ತಾರೆ. ಅಟ್ಟದ ಮೇಲಿನ ಡಬ್ಬದಲ್ಲಿ ಸ್ಟ್ರಿಪ್‌ಗಟ್ಟಲೆ ಮಾತ್ರೆ ನೋಡಿದ್ದೇನೆ. ತಪ್ಪು ಹೊತ್ತಲ್ಲಿ ತಗೊಂಡಿದ್ದು ಅರ್ಧವಾದರೂ ದಕ್ಕುತ್ತೆ, ಡಬ್ಬದಲ್ಲಿ ಇರೋದು ಏನೂ ದಕ್ಕಲ್ಲ.

ಮಲ್ನಾಡ್_ಸೊಸೆ

ಥ್ಯಾಂಕ್ಸ್ ಸಿಸ್ಟರ್, ಸೊಪ್ಪುಸಾರು ಅಕ್ಕ. ನಾನು ಬೆಳಗ್ಗೆ ಎಂಟೂವರೆಗೆ ತಿಂಡಿ ತಿಂದು ಕೆಲಸಕ್ಕೆ ಹೋಗ್ತೀನಿ. ಮಧ್ಯಾಹ್ನ ಒಂದೂವರೆಗೆ ಊಟ. ನಾಲ್ಕಕ್ಕೆ ಎಲ್ಲರ ಜತೆ ಟೀ. ರಾತ್ರಿ ಊಟ ಎಂಟಕ್ಕೆ. ಖಾಲಿ ಹೊಟ್ಟೆಗೆ ಐರನ್ ತಗೊಂಡರೆ ವಾಕರಿಕೆ ಬರುತ್ತೆ. ಇದರಲ್ಲಿ ಯಾವುದನ್ನು ಎಲ್ಲಿ ಕೂರಿಸಲಿ? ಇನ್ನೊಂದು, ಓರಗಿತ್ತಿ ಖರ್ಜೂರವನ್ನು ಹಾಲಲ್ಲಿ ನೆನೆಸಿ ತಿಂದರೆ ರಕ್ತ ಜಾಸ್ತಿ ಆಗುತ್ತೆ ಅಂತಾರೆ.

ಸೊಪ್ಪುಸಾರು

ಖರ್ಜೂರ ತಿನ್ನಿ, ರುಚಿಯಾಗಿರುತ್ತೆ. ಆದರೆ ನಾಲ್ಕೈದು ಹಣ್ಣಿನಲ್ಲಿ ಸಿಗುವ ಕಬ್ಬಿಣ ಬಹಳ ಕಮ್ಮಿ, ಅದನ್ನೂ ಹಾಲಲ್ಲಿ ಮುಳುಗಿಸಿದರೆ ಇನ್ನೂ ಕಮ್ಮಿ. ರಕ್ತಕ್ಕೆ ಅಂತಲೇ ತಿನ್ನುವುದಾದರೆ ಹಾಲು ಬಿಟ್ಟು ಬರೀ ಖರ್ಜೂರ ತಿನ್ನಿ. ಕೇಸರಿ ಹಾಲಿನಿಂದ ಮಗು ಬೆಳ್ಳಗಾಗಲ್ಲ, ಅದು ಎಲ್ಲರಿಗೂ ಗೊತ್ತು. ಹಾಲು ಮಾತ್ರ ಒಳ್ಳೆಯದೇ, ಕುಡಿಯಿರಿ. ಅತ್ತೆಗೆ "ಕ್ಯಾಲ್ಸಿಯಂ ಮಾತ್ರೆ ನಿಮ್ಮ ಹಾಲಿನ ಜತೆಗೇ, ಕೆಂಪು ಮಾತ್ರೆ ಮಾತ್ರ ಬೇರೆ ಹೊತ್ತಲ್ಲಿ ಅಂತ ಡಾಕ್ಟರು ಹೇಳಿದ್ದಾರೆ" ಅನ್ನಿ. ಹಾಲೂ ಉಳಿಯಿತು, ಮಾತೂ ಉಳಿಯಿತು.

ಹೊತ್ತು: ತಿಂಡಿ ಜತೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟದ ಜತೆ ಇನ್ನೊಂದು. ಐರನ್ ಹನ್ನೊಂದಕ್ಕೆ ಒಂದು, ನಾಲ್ಕಕ್ಕೆ ಒಂದು. ತಿಂಡಿ-ಊಟ ಆಗಿ ಎರಡೂವರೆ ಗಂಟೆ ಆಗಿರುತ್ತೆ, ಹೊಟ್ಟೆ ಪೂರ್ತಿ ಖಾಲಿಯೂ ಇರಲ್ಲ. ನೀರಿನ ಜತೆ, ಸಾಧ್ಯವಾದರೆ ನಿಂಬೆ ಪಾನಕದ ಜತೆ ನುಂಗಿ.

ನಾಲ್ಕರ ಟೀ ಇಲ್ಲಿ ಅಡ್ಡ ಬರುತ್ತೆ. ಟೀಯಲ್ಲಿ ಹಾಲಿಗಿಂತ ಟ್ಯಾನಿನ್ ಅನ್ನುವ ಒಗರು ಅಂಶದ್ದೇ ಕಾಟ ಜಾಸ್ತಿ. 1983ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಹ್ಯಾಂಬರ್ಗರ್ ಊಟದ ಜತೆ ಟೀ ಕೊಟ್ಟು ನೋಡಿದಾಗ ಕಬ್ಬಿಣ ಹೀರುವುದು ಶೇ. 64ರಷ್ಟು ಕಡಿಮೆಯಾಗಿತ್ತು. ಕಾಫಿಗೆ ಶೇ. 39. ಅದರಲ್ಲೊಂದು ತಮಾಷೆ ಇದೆ. ಕಾಫಿಯನ್ನು ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಏನೂ ಆಗಲಿಲ್ಲ. ಊಟ ಆಗಿ ಒಂದು ಗಂಟೆಗೆ ಕುಡಿದಾಗ ಊಟದ ಜತೆ ಕುಡಿದಷ್ಟೇ ನಷ್ಟ. ಹಾಗಾಗಿ ಟೀ ಮೂರಕ್ಕೆ ಮುಗಿಸಿ ನಾಲ್ಕಕ್ಕೆ ಮಾತ್ರೆ ತಗೊಳ್ಳಿ. ಟೀ ಗೆಳತಿಯರನ್ನು ಒಪ್ಪಿಸುವ ಕೆಲಸ ನಿಮ್ಮದು.

ಅನುಮಾನಪ್ಪ

ಅಜ್ಜಿ ವಿಷಯ ಬಿಡಿ, ನಾನೂ ಸ್ವಲ್ಪ ಓದಿಕೊಂಡು ಬಂದಿದ್ದೇನೆ. ನೀವು ಹೇಳಿದ್ದೆಲ್ಲ ಒಂದೊಂದು ಊಟದ ಲೆಕ್ಕ. ಮನುಷ್ಯ ವರ್ಷಗಟ್ಟಲೆ ಉಣ್ಣುತ್ತಾನೆ. 1998ರಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡವರಿಗೆ ಊಟದ ಜತೆಗೇ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಆರು ತಿಂಗಳು ಕೊಟ್ಟರಂತೆ. ಹಿಮೋಗ್ಲೋಬಿನ್ ಇಳಿಯಲಿಲ್ಲ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ನೂ ಇಳಿಯಲಿಲ್ಲ. ಒಂದೂಟದಲ್ಲಿ ಅರ್ಧ ಹೋಗುತ್ತೆ ಅಂದ್ರೆ ಆರು ತಿಂಗಳಲ್ಲಿ ಏನಾದರೂ ಕಾಣಬೇಕಿತ್ತಲ್ಲ? ಎಲ್ಲಿ ಹೋಯ್ತು ನಿಮ್ಮ ಶೇ. 60?

ಸೊಪ್ಪುಸಾರು

ಒಳ್ಳೆಯ ಪ್ರಶ್ನೆ. ಈ ಚರ್ಚೆಯ ತಿರುಳೇ ಇದು.

ಮೊದಲನೆಯದು, ಮೈ ಸುಮ್ಮನೆ ಕೂತಿರಲ್ಲ. ಕಬ್ಬಿಣ ಕಮ್ಮಿಯಾದರೆ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಕಡಿಮೆ ಮಾಡುತ್ತದೆ, ಕರುಳು ಜಾಸ್ತಿ ಹೀರಲು ಶುರುಮಾಡುತ್ತದೆ. ಇವತ್ತು ಹಾಲು ತಡೆದದ್ದನ್ನು ನಾಳೆ ಸರಿದೂಗಿಸಿಕೊಳ್ಳುತ್ತದೆ. ಎರಡನೆಯದು, ಬನ್ನು ತಿಂದಂತೆ ದಿನವಿಡೀ ಯಾರೂ ಉಣ್ಣಲ್ಲ. ಊಟದಲ್ಲಿ ಹುಳಿ ಇರುತ್ತೆ, ತರಕಾರಿ ಇರುತ್ತೆ, ಮಾಂಸ ತಿನ್ನುವವರಿಗೆ ಮಾಂಸ ಇರುತ್ತೆ. ಎಲ್ಲ ಸೇರಿದಾಗ ಕ್ಯಾಲ್ಸಿಯಂ ಒಂದರದೇ ಪ್ರಭಾವ ಮಂಕಾಗುತ್ತೆ.

ಆದರೆ ನೀವು ಹೇಳಿದ ಪರೀಕ್ಷೆಯಲ್ಲಿದ್ದವರು ಕಬ್ಬಿಣದ ಕೊರತೆ ಇಲ್ಲದವರು. ಅವರಿಗೆ ಏನೂ ಆಗಲಿಲ್ಲ ಅಂದ ಮಾತ್ರಕ್ಕೆ ನಮ್ಮ ಹೆಣ್ಣುಮಕ್ಕಳಿಗೂ ಆಗಲ್ಲ ಅಂತ ನಾನು ಧೈರ್ಯವಾಗಿ ಹೇಳಲಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಸ್ವೀಡನ್‌ನಲ್ಲೇ 1995ರಲ್ಲಿ ಹೆಂಗಸರ ಮೇಲೆ ಇನ್ನೊಂದು ಪರೀಕ್ಷೆ ಆಯಿತು. ದಿನದ ಹಾಲು-ಚೀಸ್ ಅಷ್ಟೇ ಇಟ್ಟು, ಮಧ್ಯಾಹ್ನ ಮತ್ತು ಸಂಜೆ ಊಟದಿಂದ ಮಾತ್ರ ಅದನ್ನು ತೆಗೆದು ಬೇರೆ ಹೊತ್ತಿಗೆ ಕೊಟ್ಟರು. ದಿನದ ಒಟ್ಟು ಕಬ್ಬಿಣ ಹೀರುವಿಕೆ ಶೇ. 30ರಿಂದ 50ರಷ್ಟು ಏರಿತು. ಕ್ಯಾಲ್ಸಿಯಂ ಒಂದು ಚೂರೂ ಕಳೆದುಕೊಳ್ಳಲಿಲ್ಲ.

ನನ್ನ ಲೆಕ್ಕ ಇಷ್ಟೇ. ಆರೋಗ್ಯವಾಗಿರುವವರು ಮೊಸರನ್ನ ಉಂಡುಕೊಂಡು ಆರಾಮಾಗಿರಿ. ಎಚ್‌ಬಿ ಕಮ್ಮಿ ಇರುವವರು ಬೇಳೆ, ಸೊಪ್ಪಿನ ಮುಖ್ಯ ಊಟದಲ್ಲಿ ಹಾಲು-ಪನೀರ್ ತುಸು ಹಿಂದೆ ಸರಿಸಿ, ಬೇರೆ ಹೊತ್ತಲ್ಲಿ ತಿನ್ನಿ. ಮಾತ್ರೆಗೆ ಮಾತ್ರ ಮುಲಾಜಿಲ್ಲದೆ ಅಂತರ ಇಡಿ. ಅಲ್ಲಿ 60 ಮಿಲಿಗ್ರಾಂ ಒಂದೇ ಸಲ ಹೋಗುತ್ತಿರುತ್ತೆ. ಮೊಸರು ಬಿಡಿಸುವುದರಲ್ಲಿ ಲಾಭಕ್ಕಿಂತ ನಷ್ಟವೇ ಜಾಸ್ತಿ. ನಮ್ಮ ಜನಕ್ಕೆ ಕ್ಯಾಲ್ಸಿಯಂ ಬರುವ ದಾರಿಗಳೇ ಕೆಲವು.

ಲ್ಯಾಬ್_ಕೋಟು

ಒಳಗೆ ಏನಾಗುತ್ತೆ ಅಂತ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಬೋರಾದರೆ ಹಾರಿಸಿ.

ಕಬ್ಬಿಣ ಹೀರುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಸೊಪ್ಪು-ಕಾಳಿನ ಕಬ್ಬಿಣ ಕರುಳಿನ ಕೋಶದೊಳಗೆ ಹೋಗುವುದು ಡಿಎಂಟಿ-1 ಅನ್ನುವ ಪ್ರೋಟೀನಿನ ಮೂಲಕ. ಅಲ್ಲಿಂದ ರಕ್ತಕ್ಕೆ ಹೋಗುವುದು ಫೆರೋಪೋರ್ಟಿನ್ ಅನ್ನುವ ಇನ್ನೊಂದರ ಮೂಲಕ. ಕ್ಯಾಲ್ಸಿಯಂ ಡಿಎಂಟಿ-1ರ ಕೆಲಸವನ್ನು ಕುಗ್ಗಿಸುತ್ತೆ ಅಂತ ಲ್ಯಾಬಿನಲ್ಲಿ ಕಂಡಿದೆ. ಕೋಶಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕ್ಯಾಲ್ಸಿಯಂ ಬಂದಾಗ ಡಿಎಂಟಿ-1 ಕೋಶದ ಹೊರಮೈಯಿಂದ ಕೆಲ ಹೊತ್ತು ಒಳಕ್ಕೆ ಸರಿಯುವುದೂ ಕಂಡಿದೆ. ಸ್ವಲ್ಪ ಹೊತ್ತಾದ ಮೇಲೆ ವಾಪಸ್. ಎರಡು ಗಂಟೆ ಅಂತರ ಇಟ್ಟರೆ ಸಾಕು ಅನ್ನುವುದಕ್ಕೂ ಇದಕ್ಕೂ ತಾಳೆ ಆಗುತ್ತೆ.

ಆದರೆ ಕಥೆ ಪೂರ್ತಿ ಬಗೆಹರಿದಿಲ್ಲ. ಮಾಂಸದಲ್ಲಿರುವ ಹೀಮ್ ಕಬ್ಬಿಣ ಡಿಎಂಟಿ-1ರ ಮೂಲಕ ಹೋಗಲ್ಲ, ಅದರ ದಾರಿ ಬೇರೆ. ಟೀ, ಕಾಳು-ಧಾನ್ಯದಲ್ಲಿರುವ ಫೈಟೇಟ್ ಅನ್ನುವ ಅಂಶ ಅದನ್ನು ಅಷ್ಟಾಗಿ ತಡೆಯಲ್ಲ. ಕ್ಯಾಲ್ಸಿಯಂ ಮಾತ್ರ ಅದನ್ನೂ ತಡೆಯುತ್ತೆ. ಅಂದರೆ ಎರಡೂ ಬಗೆಯ ಕಬ್ಬಿಣ ಕೋಶದೊಳಗೆ ಬಂದ ಮೇಲೆ ಎಲ್ಲೋ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಊಹೆ. ಕೋಶದಲ್ಲೇ ಉಳಿದ ಕಬ್ಬಿಣ ಮೈಗೆ ದಕ್ಕಲ್ಲ. ಕರುಳಿನ ಕೋಶ ಕೆಲವೇ ದಿನ ಬದುಕಿ ಉದುರುತ್ತೆ, ಜತೆಗೆ ಅದೂ ಹೋಗುತ್ತೆ.

ಮಾತ್ರೆ ಬಗ್ಗೆ ಇನ್ನೊಂದು. 1991ರಲ್ಲೇ ಜೇಮ್ಸ್ ಕುಕ್ ತಂಡ ಬೇರೆ ಬೇರೆ ಕ್ಯಾಲ್ಸಿಯಂ ಮಾತ್ರೆಗಳನ್ನು ಹೋಲಿಸಿತ್ತು. ಖಾಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಬ್ಬಿಣದ ಮಾತ್ರೆಗೆ ಅಡ್ಡಿ ಮಾಡಲಿಲ್ಲ. 600 ಮಿಲಿಗ್ರಾಂ ಕ್ಯಾಲ್ಸಿಯಂ, 18 ಮಿಲಿಗ್ರಾಂ ಕಬ್ಬಿಣದ ಲೆಕ್ಕದಲ್ಲಿ ಸಿಟ್ರೇಟ್ ಶೇ. 49, ಫಾಸ್ಫೇಟ್ ಶೇ. 62 ಇಳಿಸಿದವು. ಊಟದ ಜತೆ ಮಾತ್ರ ಮೂರೂ ಅಡ್ಡಿ ಮಾಡಿದವು.

ಅನುಮಾನಪ್ಪ

ಹಾಗಾದರೆ ಖಾಲಿ ಹೊಟ್ಟೆಗೆ ಕಾರ್ಬೊನೇಟ್ ಮತ್ತು ಐರನ್ ಒಟ್ಟಿಗೆ ನುಂಗಿದರೆ ಆಯ್ತಲ್ಲ! ಒಂದೇ ಹೊತ್ತು.

ಸಬ್‌ಸೆಂಟರ್_ಸಿಸ್ಟರ್

ನೀವು ನುಂಗಿ ನೋಡಿ ಸರ್, ಆಮೇಲೆ ಬಸುರಿಗೆ ಹೇಳಿ. ಖಾಲಿ ಹೊಟ್ಟೆಗೆ ಎರಡೂ ಬಿದ್ದರೆ ಬೆಳಗ್ಗೆ ಪೂರ್ತಿ ಬಚ್ಚಲಲ್ಲೇ. ಮೇಲಾಗಿ ಕಾರ್ಬೊನೇಟ್ ಸರಿಯಾಗಿ ಕರಗಲು ಹೊಟ್ಟೆಯ ಆಸಿಡ್ ಬೇಕು, ಅದಕ್ಕೇ ಊಟದ ಜತೆ ಅನ್ನೋದು.

ಮುದ್ದೆಪ್ರಿಯ

ಇಷ್ಟೆಲ್ಲ ಹೇಳಿದಿರಿ, ರಾಗಿ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಕ್ಯಾಲ್ಸಿಯಂ ಜಾಸ್ತಿ ಅಂತಲೇ ಎಲ್ಲರೂ ರಾಗಿಯನ್ನು ಹೊಗಳುವುದು. ಐರನ್ನೂ ಇದೆ ಅಂತಾರೆ. ಎರಡೂ ಒಂದೇ ಉಂಡೆಯಲ್ಲಿದ್ದರೆ ಒಂದು ಇನ್ನೊಂದನ್ನು ತಿಂದುಹಾಕಲ್ವಾ? ನಮ್ಮನೇಲಿ ಮುದ್ದೆ, ಬಸ್ಸಾರು, ಕೊನೆಗೆ ಮಜ್ಜಿಗೆ. ಇದು ತಪ್ಪಾ?

ಸೊಪ್ಪುಸಾರು

ತಪ್ಪಲ್ಲ, ಆದರೆ ಪ್ರಶ್ನೆ ಸರಿಯಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ. ಒಂದು ಒಳ್ಳೆಯ ಮುದ್ದೆಗೆ ಅಷ್ಟು ಹಿಟ್ಟು ಹೋಗುತ್ತೆ. ಅಂದರೆ ಮುದ್ದೆಯಲ್ಲೇ ಒಂದು ದೊಡ್ಡ ಲೋಟ ಹಾಲಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ತೆಳ್ಳಗಿನ ಮಜ್ಜಿಗೆಯಲ್ಲಿ ಎಷ್ಟಿರುತ್ತೆ? ಲೋಟಕ್ಕೆ ಎರಡು-ಮೂರು ಚಮಚ ಮೊಸರು. 60 ಮಿಲಿಗ್ರಾಂ ಆಸುಪಾಸು. ಮುದ್ದೆ ಉಂಡವನು ಮಜ್ಜಿಗೆಗೆ ಹೆದರುವುದರಲ್ಲಿ ಅರ್ಥ ಇಲ್ಲ.

ರಾಗಿಯ ಕಬ್ಬಿಣಕ್ಕೆ ನಿಜವಾದ ತೊಡಕು ಫೈಟೇಟ್ ಮತ್ತು ಕಂದು ಸಿಪ್ಪೆಯ ಟ್ಯಾನಿನ್. ಫೈಟೇಟ್ ಕಬ್ಬಿಣವನ್ನೂ ಹಿಡಿಯುತ್ತೆ, ಕ್ಯಾಲ್ಸಿಯಂ ಅನ್ನೂ ಹಿಡಿಯುತ್ತೆ. ಇದಕ್ಕೆ ನಮ್ಮಲ್ಲೇ ಮದ್ದಿದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಹಿಟ್ಟು ಮಾಡುತ್ತೇವಲ್ಲ, ಮಗುವಿಗೆ ಸರಿ ಮಾಡುವಾಗ. ಮೊಳಕೆ ಬರುವಾಗ ಫೈಟೇಟ್ ಒಡೆಯುತ್ತೆ. ರಾತ್ರಿ ಹುಳಿ ಬರಿಸಿದ ರಾಗಿ ಅಂಬಲಿ, ದೋಸೆ ಹಿಟ್ಟು ಹುದುಗುವುದು, ಎಲ್ಲ ಇದೇ ಕೆಲಸ.

ಬಸ್ಸಾರಿಗೆ ಬಡಿಸಿದ ಮೇಲೆ ನಿಂಬೆ ಹಿಂಡಿ, ಕುದಿಯುವಾಗ ಬೇಡ. ಕಾವಿಗೆ ವಿಟಮಿನ್ ಸಿ ಹಾಳಾಗುತ್ತೆ. ನಿಂಬೆಯ ಶಕ್ತಿ ಫೈಟೇಟ್, ಟೀ ವಿರುದ್ಧ ಚೆನ್ನಾಗಿ ನಡೆಯುತ್ತೆ, ಕ್ಯಾಲ್ಸಿಯಂ ಎದುರು ಅಷ್ಟು ನಡೆಯಲ್ಲ. ಆದರೂ ಹಿಂಡಿ. ಊಟ ಆದ ತಕ್ಷಣ ಎಲೆಅಡಿಕೆ ಹಾಕುವ ಅಭ್ಯಾಸ ಇದ್ದರೆ ಅದನ್ನು ಬಿಡಿ. ಅಡಿಕೆಯಲ್ಲಿ ಟ್ಯಾನಿನ್ ತುಂಬಿದೆ, ಸುಣ್ಣ ಅಂದ್ರೆ ಕ್ಯಾಲ್ಸಿಯಮ್ಮೇ. ಬಾಯಿ ಕ್ಯಾನ್ಸರ್ ಒಂದು ಕಾರಣವೇ ಸಾಕು ಅನ್ನಿ.

ಬಯಲುಸೀಮೆ_ಮೇಷ್ಟ್ರು

ನಮ್ಮ ಸರ್ಕಾರಿ ಶಾಲೆಯಲ್ಲಿ ಬೆಳಗ್ಗೆ ಕ್ಷೀರಭಾಗ್ಯದ ಹಾಲು, 150 ಎಂಎಲ್. ಈಗ ಕೆಲವು ದಿನ ರಾಗಿ ಮಾಲ್ಟ್ ಬೆರೆಸಿ ಕೊಡುತ್ತೇವೆ. ವಾರಕ್ಕೊಮ್ಮೆ ಐರನ್ ಮಾತ್ರೆ: ದೊಡ್ಡ ಮಕ್ಕಳಿಗೆ ನೀಲಿ ಮಾತ್ರೆ, ಚಿಕ್ಕವರಿಗೆ ಗುಲಾಬಿ ಮಾತ್ರೆ. ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಕೊಡುತ್ತೇವೆ. ಒಬ್ಬ ತಂದೆ ಬಂದು "ಹಾಲು ಕೊಟ್ಟ ದಿನ ಮಾತ್ರೆ ಕೊಡಬೇಡಿ" ಅಂತ ಜಗಳ ತೆಗೆದರು. ಅವರಿಗೆ ಏನು ಹೇಳಲಿ?

ಸೊಪ್ಪುಸಾರು

ಮೇಷ್ಟ್ರೇ, ನಿಮ್ಮ ಕ್ರಮ ಸರಿಯಾಗಿಯೇ ಇದೆ. ಬೆಳಗ್ಗೆಯ ಹಾಲಿಗೂ ಊಟದ ನಂತರದ ಮಾತ್ರೆಗೂ ಮೂರ್ನಾಲ್ಕು ಗಂಟೆ ಅಂತರ ಇರುತ್ತೆ. ಅಷ್ಟರಲ್ಲಿ ಹಾಲಿನ ಪ್ರಭಾವ ಮುಗಿದಿರುತ್ತೆ. ಊಟ ಆದ ಕೂಡಲೇ ಕೊಡುವುದರಿಂದ ಕಬ್ಬಿಣ ಸ್ವಲ್ಪ ಕಮ್ಮಿ ದಕ್ಕುತ್ತೆ, ನಿಜ. ಆದರೆ ಖಾಲಿ ಹೊಟ್ಟೆಗೆ ಕೊಟ್ಟು ನಾಲ್ಕು ಮಕ್ಕಳು ವಾಂತಿ ಮಾಡಿದರೆ ಮುಂದಿನ ವಾರ ಇಡೀ ಕ್ಲಾಸೇ ಮಾತ್ರೆ ಬೇಡ ಅನ್ನುತ್ತೆ. ಹಾಲಿನ ಲೋಟ ಕೈಯಲ್ಲಿರುವಾಗಲೇ ಮಾತ್ರೆ ಹಂಚಬೇಡಿ, ಅಷ್ಟೇ.

ಡಲ್ಲಾಸ್_ಅಪ್ಪ

ನಮ್ಮ ಮಗನಿಗೆ ಎರಡು ವರ್ಷ. ಅನ್ನ ಕಂಡರೆ ಓಟ, ಬಾಟಲಿ ಕಂಡರೆ ಖುಷಿ. ದಿನಕ್ಕೆ ಒಂದು ಲೀಟರ್ ಹತ್ತಿರ ಹಾಲು ಕುಡಿಯುತ್ತಾನೆ. ಇಲ್ಲಿಯ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿ ಐರನ್ ಕಮ್ಮಿ ಅಂದರು, ಹಾಲನ್ನು ಎರಡು ಕಪ್ಪಿಗೆ ಇಳಿಸಿ ಅಂದರು. ಊರಿಂದ ಅಮ್ಮ ವಿಡಿಯೋ ಕಾಲಿನಲ್ಲಿ "ಹಾಲು ಕಮ್ಮಿ ಮಾಡಿ ಅನ್ನೋ ಡಾಕ್ಟರು ಎಂಥವನಪ್ಪಾ" ಅಂತ ಬೈಯುತ್ತಾರೆ.

ಸೊಪ್ಪುಸಾರು

ಡಾಕ್ಟರು ಹೇಳಿದ್ದೇ ಸರಿ ಅಂತ ಅಮ್ಮನಿಗೆ ಹೇಳಿ. ಇಲ್ಲಿ ಕ್ಯಾಲ್ಸಿಯಂ ತಡೆಯುವುದು ಚಿಕ್ಕ ಭಾಗ, ಹೊಟ್ಟೆ ತುಂಬಿಸುವುದು ದೊಡ್ಡ ಭಾಗ. ಹಸುವಿನ ಹಾಲಿನಲ್ಲಿ ಕಬ್ಬಿಣ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಲೀಟರ್ ಹಾಲು ಕುಡಿದ ಮಗು ಬೇಳೆ, ಸೊಪ್ಪು, ಮೊಟ್ಟೆ ಯಾವುದಕ್ಕೂ ಬಾಯಿ ತೆರೆಯಲ್ಲ. ತಿಂದ ತುತ್ತನ್ನೂ ಹಾಲಿನ ಜತೆ ತಿಂದಿರುತ್ತೆ. ಎದೆಹಾಲಿನಲ್ಲೂ ಕಬ್ಬಿಣ ಕಡಿಮೆಯೇ, ಆದರೆ ಅದು ಚೆನ್ನಾಗಿ ದಕ್ಕುತ್ತೆ, ಅದರಲ್ಲಿ ಕ್ಯಾಲ್ಸಿಯಮ್ಮೂ ಹಸುವಿನ ಹಾಲಿನ ಕಾಲು ಭಾಗದಷ್ಟೇ. ಒಂದು ವರ್ಷದೊಳಗಿನ ಮಗುವಿಗೆ ಹಸುವಿನ ಹಾಲು ಕುಡಿಸಿದರೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದೂ ಉಂಟು. ಅದಕ್ಕೇ ವರ್ಷ ತುಂಬುವವರೆಗೆ ಅದು ಮುಖ್ಯ ಹಾಲಾಗಬಾರದು ಅನ್ನುವುದು.

ಎರಡು ವರ್ಷದವನಿಗೆ ದಿನಕ್ಕೆ ಅರ್ಧ ಲೀಟರ್ ಧಾರಾಳ. ಬಾಟಲಿ ಬಿಡಿಸಿ ಲೋಟಕ್ಕೆ ಹಾಕಿ, ಕುಡಿಯುವುದು ಅರ್ಧಕ್ಕರ್ಧ ತಾನೇ ಇಳಿಯುತ್ತೆ. ಹಾಲು ಊಟಕ್ಕೆ ಮೊದಲು ಬೇಡ, ಊಟದ ಜತೆಯೂ ಬೇಡ.

ತಿಪಟೂರ್_ತೆಂಗು

ನಾನು ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ತಗೋತೀನಿ. ಅರ್ಧ ಗಂಟೆ ಬಿಟ್ಟು ಕಾಫಿ, ತಿಂಡಿ ಜತೆ ಕ್ಯಾಲ್ಸಿಯಂ. ಇದರಲ್ಲೂ ಏನಾದರೂ ಇದೆಯಾ?

ಲ್ಯಾಬ್_ಕೋಟು

ಇದೆ. ಥೈರಾಯ್ಡ್ ಮಾತ್ರೆಗೆ ಕ್ಯಾಲ್ಸಿಯಮ್ಮೂ ಆಗಲ್ಲ, ಐರನ್ನೂ ಆಗಲ್ಲ. ಎರಡರಿಂದಲೂ ನಾಲ್ಕು ಗಂಟೆ ದೂರ ಇಡಬೇಕು. ನಿಮ್ಮ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಸರಿಸಿ. ಇನ್ನು ಗ್ಯಾಸ್ಟ್ರಿಕ್‌ಗೆ ಅಂತ ದಿನಾ ಆಸಿಡ್ ಕಮ್ಮಿ ಮಾಡುವ ಮಾತ್ರೆ ನುಂಗುವವರಿಗೂ ಕಬ್ಬಿಣ ಸರಿಯಾಗಿ ದಕ್ಕಲ್ಲ. ಚಪ್ಪರಿಸುವ ಆಂಟಾಸಿಡ್‌ಗಳಲ್ಲಿ ಕೆಲವು ಬರೀ ಕ್ಯಾಲ್ಸಿಯಂ ಕಾರ್ಬೊನೇಟ್, ಚೀಟಿ ಓದಿ ನೋಡಿ.

ಮಲ್ನಾಡ್_ಸೊಸೆ

ಅತ್ತೆ ಒಪ್ಪಿದರು. "ಅಷ್ಟೇನಾ, ಮೊದಲೇ ಹೇಳಬಾರದಾ" ಅಂದರು. ಈಗ ತಿಂಡಿ ಜತೆ ಮತ್ತು ರಾತ್ರಿ ಹಾಲಿನ ಜತೆ ಕ್ಯಾಲ್ಸಿಯಂ, ಹನ್ನೊಂದು ಮತ್ತು ನಾಲ್ಕಕ್ಕೆ ಐರನ್. ಟೀ ಮೂರಕ್ಕೆ. ಇನ್ನೊಂದು ಸಂದೇಹ. ಐರನ್ ದಿನಾ ತಗೊಂಡರೆ ಮೈ ಹೀರುವುದು ಕಮ್ಮಿಯಾಗುತ್ತೆ, ದಿನ ಬಿಟ್ಟು ದಿನ ತಗೋಬೇಕು ಅಂತ ಎಲ್ಲೋ ಓದಿದೆ. ಹಾಗೆ ಮಾಡಲಾ?

ಸೊಪ್ಪುಸಾರು

ನೀವು ಓದಿದ್ದು ಸುಳ್ಳಲ್ಲ. ಒಂದು ದೊಡ್ಡ ಡೋಸ್ ಬಿದ್ದರೆ ಹೆಪ್ಸಿಡಿನ್ ಸುಮಾರು ಒಂದು ದಿನ ಏರಿರುತ್ತೆ, ಮುಂದಿನ ಡೋಸ್ ಕಮ್ಮಿ ದಕ್ಕುತ್ತೆ. ಆದರೆ ಆ ಪರೀಕ್ಷೆಗಳು ಬಸುರಿಯಲ್ಲದ ಹೆಂಗಸರ ಮೇಲೆ ಆಗಿದ್ದು. ಬಸುರಿನ ಈ ತಿಂಗಳುಗಳಲ್ಲಿ ಹೆಪ್ಸಿಡಿನ್ ತಾನಾಗಿಯೇ ಇಳಿದಿರುತ್ತೆ, ಹೀರುವುದು ಜಾಸ್ತಿಯಾಗಿರುತ್ತೆ. ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ.

ಸಬ್‌ಸೆಂಟರ್_ಸಿಸ್ಟರ್

ಹೌದು ತಂಗಿ, ಬಿಡಬೇಡಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯದೇ. ಮಲಬದ್ಧತೆ ಆದರೆ ನೀರು, ಸೊಪ್ಪು, ಬಾಳೆಹಣ್ಣು ಜಾಸ್ತಿ ಮಾಡಿ, ತುಂಬಾ ತೊಂದರೆ ಆದರೆ ಬಂದು ಹೇಳಿ, ಸುಮ್ಮನೆ ನಿಲ್ಲಿಸಬೇಡಿ. ತಿಂಗಳು ಆದ ಮೇಲೆ ಎಚ್‌ಬಿ ಇನ್ನೊಮ್ಮೆ ನೋಡಿಸಿ. ಒಂದು ಗ್ರಾಂ ಆದರೂ ಏರಿರಬೇಕು. ಏರದಿದ್ದರೆ ಮಾತ್ರೆ ಹೊತ್ತು ಬದಲಿಸಿ ಕೂರುವುದಲ್ಲ, ದೊಡ್ಡ ಆಸ್ಪತ್ರೆಗೆ ಬರೆಸಿಕೊಂಡು ಹೋಗಿ ತೋರಿಸಬೇಕು.